ಘಾಟಿಯಲ್ಲಿ ತುಂಬಿಹೋಗುವ ಬ್ಯಾಟರಿ: ಐಷಾರಾಮಿ ಹೈಬ್ರಿಡ್ ಎಸ್‌ಯುವಿ ಕೊಳ್ಳುವ ಮುನ್ನ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ, ಒಂದು ಸಲ ಮಂಗಳೂರಿಗೆ ಹೋಗಿಬರುತ್ತೇನೆ. ಉಳಿದ ದಿನ ಕಾರು ಶೆಡ್ಡಿನಲ್ಲೇ ಇರುತ್ತದೆ. ತೋಟದ ಓಡಾಟಕ್ಕೆ ಜೀಪಿದೆ. 2019ರಲ್ಲಿ ನೋಂದಣಿಯಾದ ಐಷಾರಾಮಿ ಪ್ಲಗ್-ಇನ್ ಹೈಬ್ರಿಡ್ (ಎಂಜಿನ್ ಜೊತೆಗೆ ಮೋಟಾರೂ, ಸಾಕೆಟ್ಟಿಗೆ ಸಿಕ್ಕಿಸಿ ತುಂಬಿಸುವ ಬ್ಯಾಟರಿಯೂ ಇರುವ) ಎಸ್‌ಯುವಿಯೊಂದು ಒಳ್ಳೆಯ ಬೆಲೆಗೆ ಸಿಗುತ್ತಿದೆ. ಬ್ಯಾಟರಿ ಕಾರಿನಷ್ಟೇ ಕಾಲ ಬಾಳುತ್ತದೆ ಎಂದು ಮಾರುವವರು ಹೇಳುತ್ತಾರೆ. ನನ್ನ ಭಾವನ ಬಳಿ ಇರುವುದು ಚಾರ್ಜರ್‌ಗೆ ಹಾಕಬೇಕಿಲ್ಲದ ಹೈಬ್ರಿಡ್. ಶಿರಾಡಿ ಘಾಟಿ ಇಳಿಯುವಾಗ ಅರ್ಧ ದಾರಿಯಲ್ಲಿ ಅದರ ಎಂಜಿನ್ ಜೋರಾಗಿ ಕೂಗತೊಡಗುತ್ತದೆ. ಬ್ಯಾಟರಿ ಕೆಟ್ಟಿದೆಯೇನೋ ಎಂದು ಅವರಿಗೆ ಗಾಬರಿ. ಈ ಬ್ಯಾಟರಿಗಳನ್ನು ನಂಬಬಹುದೇ? ನಾನು ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಭಾವನವರ ಕಾರಿನ ವಿಷಯವನ್ನು ಮೊದಲು ಮುಗಿಸೋಣ. ಅವರ ಬ್ಯಾಟರಿ ಕೆಟ್ಟಿಲ್ಲ, ತುಂಬಿದೆ. ಸ್ವಲ್ಪ ಲೆಕ್ಕ ಹಾಕಿದರೆ ಇದು ಗೊತ್ತಾಗುತ್ತದೆ, ನಿಮ್ಮ ಉಳಿದ ಪ್ರಶ್ನೆಗಳಿಗೆ ದಾರಿಯೂ ಅಲ್ಲಿಂದಲೇ ಸಿಗುತ್ತದೆ.

ಜನ ಸೇರಿ 2,300 ಕಿಲೋ ತೂಗುವ ಕಾರು ಘಾಟಿಯಲ್ಲಿ 700 ಮೀಟರ್ ಕೆಳಗೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಅಷ್ಟು ಎತ್ತರದಿಂದ ಬರುವ ಶಕ್ತಿ ಸುಮಾರು 4.4 ಕಿಲೋವ್ಯಾಟ್-ಗಂಟೆ, ಅಂದರೆ ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 4.4 ಯೂನಿಟ್. (ಇನ್ನು ಮುಂದೆ ಯೂನಿಟ್ ಎಂದೇ ಬರೆಯುತ್ತೇನೆ, ಬ್ಯಾಟರಿ ಗಾತ್ರ ಅಳೆಯಲು ಇದಕ್ಕಿಂತ ಪರಿಚಿತ ಮಾತಿಲ್ಲ.) ಟೈರು ಮತ್ತು ಗಾಳಿಯ ಎಳೆತಕ್ಕೆ ಒಂದು ಪಾಲು ಹೋಗುತ್ತದೆ, ಮೋಟಾರು ವಿದ್ಯುತ್ತನ್ನು ಹಿಂದಕ್ಕೆ ಪಡೆಯುವಾಗಲೂ ಸ್ವಲ್ಪ ಸೋರುತ್ತದೆ. ಎಲ್ಲ ಕಳೆದು ಎರಡು ಯೂನಿಟ್ ಬ್ಯಾಟರಿಯ ಬಾಗಿಲಿಗೆ ಬಂದು ನಿಂತಿತು ಎನ್ನೋಣ. ಆದರೆ ಅಂಥ ಹೈಬ್ರಿಡ್‌ನ ಬ್ಯಾಟರಿ ಇಡಿಯಾಗಿ ಇರುವುದೇ ಒಂದರಿಂದ ಎರಡು ಯೂನಿಟ್. ಅದರಲ್ಲೂ ಕಂಪ್ಯೂಟರ್ ಅದನ್ನು ಸದಾ ಅರ್ಧಕ್ಕಿಂತ ತುಸು ಮೇಲೆ ತುಂಬಿಸಿಟ್ಟಿರುತ್ತದೆ. ಖಾಲಿ ಜಾಗ ಅರ್ಧ ಯೂನಿಟ್ ಸಿಕ್ಕರೆ ಹೆಚ್ಚು. ಅದು ಕೆಲವೇ ತಿರುವುಗಳಲ್ಲಿ ತುಂಬಿಹೋಗುತ್ತದೆ. ಆಮೇಲೆ ಬರುವ ವಿದ್ಯುತ್ತನ್ನು ಎಲ್ಲಾದರೂ ಖರ್ಚು ಮಾಡಲೇಬೇಕು. ಆಗ ಕಾರು ಆ ವಿದ್ಯುತ್ತಿನಿಂದಲೇ ಪೆಟ್ರೋಲ್ ಹಾಕದೆ ಎಂಜಿನ್ನನ್ನು ಬರಿದೇ ತಿರುಗಿಸುತ್ತದೆ. ಹಳೆಯ ಲಾರಿ ಚಾಲಕರು ಘಾಟಿಯಲ್ಲಿ ಎರಡನೇ ಗೇರಿಗೆ ಹಾಕಿ ಇಳಿಸುತ್ತಾರಲ್ಲ, ಇದೂ ಅದೇ ಕೆಲಸ. ಮಾಡುವುದು ಕಂಪ್ಯೂಟರ್ ಅಷ್ಟೇ. ಬ್ರೇಕ್ ಕಾಯದಂತೆ ಅದು ಕಾಪಾಡುತ್ತಿದೆ. ಆ ಸದ್ದಿಗೆ ಹೆದರಿ ನ್ಯೂಟ್ರಲ್‌ಗೆ ಹಾಕಬೇಡಿ ಎಂದು ಭಾವನವರಿಗೆ ಹೇಳಿ.

ಈಗ ನಿಮ್ಮ ವಿಷಯ. ಹೈಬ್ರಿಡ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಬ್ಯಾಟರಿಗಳು ಮಾರಾಟವಾಗುತ್ತಿವೆ. ಅವುಗಳ ಕೆಲಸ ಬೇರೆ, ಸವೆಯುವ ರೀತಿಯೂ ಬೇರೆ. ಕೆರೆಯನ್ನು ನೆನೆಸಿಕೊಳ್ಳಿ. ಕೆರೆಯಲ್ಲಿ ಎಷ್ಟು ನೀರಿದೆ ಎಂಬುದು ಒಂದು, ತೂಬಿನಲ್ಲಿ ಒಮ್ಮೆಗೆ ಎಷ್ಟು ನೀರು ಹರಿದೀತು ಎಂಬುದು ಇನ್ನೊಂದು. ಯೂನಿಟ್ ಎಂದರೆ ಕೆರೆ, ಕಿಲೋವ್ಯಾಟ್ ಎಂದರೆ ತೂಬು. ಮಾರಾಟಗಾರರು ಕೆರೆಯ ಅಳತೆಯನ್ನಷ್ಟೇ ಹೇಳುತ್ತಾರೆ. ಹೈಬ್ರಿಡ್‌ನಲ್ಲಿ ಕಷ್ಟದ ಕೆಲಸವೆಲ್ಲ ತೂಬಿನದು.

ಅತಿ ಚಿಕ್ಕದು 48 ವೋಲ್ಟ್‌ನ ‘ಮೈಲ್ಡ್ ಹೈಬ್ರಿಡ್’. ಈಗ ಶೋರೂಮಿನಲ್ಲಿರುವ ಜರ್ಮನ್ ದೊಡ್ಡ ಎಸ್‌ಯುವಿಗಳಲ್ಲಿ ಬಹುಪಾಲು ಇವೇ. ಅರ್ಧದಿಂದ ಒಂದು ಯೂನಿಟ್‌ನ ಲಿಥಿಯಂ ಬ್ಯಾಟರಿ, ಎಂಜಿನ್ನಿಗೆ ಬೆಲ್ಟಿನಿಂದಲೋ ನೇರವಾಗಿಯೋ ಜೋಡಿಸಿದ ಸಣ್ಣ ಮೋಟಾರು. ಸಿಗ್ನಲ್‌ನಲ್ಲಿ ನಿಂತ ಎಂಜಿನ್ ಅದುರದೆ ಏಳುತ್ತದೆ, ವೇಗ ಹಿಡಿಯುವಾಗ ಒಂದು ತಳ್ಳು ಸಿಗುತ್ತದೆ. ಕಾರನ್ನು ವಿದ್ಯುತ್ತಿನಲ್ಲೇ ಓಡಿಸುವ ಶಕ್ತಿ ಅದಕ್ಕಿಲ್ಲ. 48 ವೋಲ್ಟನ್ನೇ ಆರಿಸಿದ್ದಕ್ಕೆ ಒಂದು ಕಾರಣವಿದೆ. ನೇರ ವಿದ್ಯುತ್ತು 60 ವೋಲ್ಟ್ ದಾಟಿದರೆ ಕಿತ್ತಳೆ ಬಣ್ಣದ ಕೇಬಲ್, ವಿಶೇಷ ರಕ್ಷಣಾ ವ್ಯವಸ್ಥೆ ಎಲ್ಲವೂ ಕಡ್ಡಾಯವಾಗುತ್ತವೆ. ಇದರ ಬಗ್ಗೆ ಹೆಚ್ಚು ಚಿಂತಿಸಬೇಕಾದ್ದೂ ಇಲ್ಲ, ಹೆಚ್ಚು ಆಸೆ ಇಟ್ಟುಕೊಳ್ಳಬೇಕಾದ್ದೂ ಇಲ್ಲ.

ಎರಡನೆಯದು ಭಾವನವರ ಕಾರಿನ ಬಗೆ. ಇದರ ಮೂಲಪುರುಷ 1997ರ ಟೊಯೋಟಾ ಪ್ರಿಯಸ್. ಅದೇ ತಂತ್ರವನ್ನು ಐಷಾರಾಮಿ ಎಸ್‌ಯುವಿಗೆ ತಂದದ್ದು 2005ರ ಲೆಕ್ಸಸ್ ಆರ್‌ಎಕ್ಸ್ 400ಎಚ್. ಆ ಕಾರಿನ ಹಿಂದಿನ ಸೀಟಿನ ಕೆಳಗೆ 1.2 ವೋಲ್ಟ್‌ನ 240 ನಿಕಲ್-ಮೆಟಲ್ ಹೈಡ್ರೈಡ್ ಸೆಲ್‌ಗಳು ಸಾಲಾಗಿ ಕೂತಿದ್ದವು. ಒಟ್ಟು 288 ವೋಲ್ಟ್. ಅದನ್ನು ಏರಿಸಿ 650 ವೋಲ್ಟ್‌ವರೆಗೆ ಮೋಟಾರಿಗೆ ಕೊಡುತ್ತಿತ್ತು. ಕೆರೆ ಎರಡು ಯೂನಿಟ್‌ಗೂ ಕಡಿಮೆ; ತೂಬು 45 ಕಿಲೋವ್ಯಾಟ್. ಆ ರಭಸದಲ್ಲಿ ನಿರಂತರ ಹರಿಸಿದರೆ ಎರಡೂವರೆ ನಿಮಿಷಕ್ಕೆ ಖಾಲಿ! ಇಷ್ಟು ಕಠಿಣವಾಗಿ ದುಡಿಯುವ ಬ್ಯಾಟರಿ ವರ್ಷಗಟ್ಟಲೆ ಬಾಳಿದ್ದು ಹೇಗೆ? ಅದನ್ನು ಎಂದೂ ಪೂರ್ತಿ ತುಂಬಿಸುವುದಿಲ್ಲ, ಎಂದೂ ಪೂರ್ತಿ ಬರಿದು ಮಾಡುವುದಿಲ್ಲ. ನಡುವಿನ ಸಣ್ಣ ಪಟ್ಟಿಯಲ್ಲೇ ಆಡಿಸುತ್ತಾರೆ. ನಿಕಲ್ ಬ್ಯಾಟರಿ ಹಳೆಯ ಕಾಲದ್ದು ಎಂದು ಮೂಗು ಮುರಿಯುವವರಿದ್ದಾರೆ. ನಾನು ಆ ಗುಂಪಿನವನಲ್ಲ. ತೂಕ ಹೆಚ್ಚು ನಿಜ, ಆದರೆ ಅದರೊಳಗಿನ ದ್ರವ ನೀರಿನಲ್ಲಿ ಬೆರೆಸಿದ ಕ್ಷಾರ. ಲಿಥಿಯಂ ಸೆಲ್ಲಿನ ಸಾವಯವ ದ್ರಾವಕದಂತೆ ಹೊತ್ತಿ ಉರಿಯುವ ವಸ್ತುವಲ್ಲ. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲೂ ಇರುವುದು ನಿಕಲ್ ಬ್ಯಾಟರಿಯೇ.

ಮೂರನೆಯದು ನಿಮ್ಮ ಕಣ್ಣಿಗೆ ಬಿದ್ದಿರುವ ಪ್ಲಗ್-ಇನ್. ಇದರ ಕೆರೆ ವರ್ಷದಿಂದ ವರ್ಷಕ್ಕೆ ಹಿಗ್ಗಿದೆ. ಪೋರ್ಷೆ ಕಯೆನ್ ಒಂದನ್ನೇ ನೋಡಿ: 2014ರಲ್ಲಿ 10.8 ಯೂನಿಟ್, 2018ರ ಹೊಸ ತಲೆಮಾರಿನಲ್ಲಿ 14.1, ಆಮೇಲೆ 17.9, 2023ರಲ್ಲಿ 25.9. ಹೊಸ ರೇಂಜ್ ರೋವರ್ ಪ್ಲಗ್-ಇನ್‌ನಲ್ಲಿ 38.2. ವೋಲ್ವೊ ಎಕ್ಸ್‌ಸಿ90 ಶುರುವಾದದ್ದು 9.2ರಿಂದ, ಈಗ 18.8. (ವೋಲ್ವೊ 2017ರಿಂದ ಹೊಸಕೋಟೆಯಲ್ಲಿ ಕಾರು ಜೋಡಿಸುತ್ತಿದೆ.) ಈ ಸಾಲಿನಲ್ಲಿ ನಿಮ್ಮ 2019ರ ಕಾರು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ. ಆ ಕಾಲದ ಪ್ಲಗ್-ಇನ್ ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ 10ರಿಂದ 14 ಯೂನಿಟ್. ಅದೂ ಇಡೀ ಬ್ಯಾಟರಿಯ ಅಳತೆ. ಮೇಲೆ ಸ್ವಲ್ಪ, ತಳದಲ್ಲಿ ಸ್ವಲ್ಪ ಮುಟ್ಟದೆ ಉಳಿಸುತ್ತಾರೆ. ರೇಂಜ್ ರೋವರ್‌ನ 38.2ರಲ್ಲಿ ನಿಮ್ಮ ಕೈಗೆ ಸಿಗುವುದು 31.8; ವೋಲ್ವೊದ 18.8ರಲ್ಲಿ 14.9. ಹಳೆಯ ಚಿಕ್ಕ ಬ್ಯಾಟರಿಗಳಿಗೂ ಇದೇ ನಿಯಮ.

ಚಿಕ್ಕ ಬ್ಯಾಟರಿಗೆ ದೊಡ್ಡ ಕಾರನ್ನು ಕಟ್ಟಿದಾಗ ಆಗುವುದನ್ನು ಕೊಳ್ಳುವವರು ಲೆಕ್ಕ ಹಾಕುವುದಿಲ್ಲ. 75 ಯೂನಿಟ್‌ನ ಶುದ್ಧ ಎಲೆಕ್ಟ್ರಿಕ್ ಕಾರು ಒಂದು ಭರ್ತಿಗೆ 400 ಕಿಲೋಮೀಟರ್ ಓಡಿದರೆ, ಒಂದು ಲಕ್ಷ ಕಿಲೋಮೀಟರಿಗೆ 250 ಸಲ ತುಂಬಿ ಬರಿದಾಗುತ್ತದೆ. ಬಳಕೆಗೆ 9 ಯೂನಿಟ್ ಇರುವ ಪ್ಲಗ್-ಇನ್ ಎಸ್‌ಯುವಿ ಒಂದು ಭರ್ತಿಗೆ 30 ಕಿಲೋಮೀಟರ್ ಓಡೀತು. ಒಂದು ಲಕ್ಷದಲ್ಲಿ ಮೂರನೇ ಒಂದು ಭಾಗವನ್ನಷ್ಟೇ ವಿದ್ಯುತ್ತಿನಲ್ಲಿ ಓಡಿಸಿದರೂ 1,100 ಸಲ ತುಂಬಿ ಬರಿದಾಗಿರುತ್ತದೆ. ಕಿಲೋಮೀಟರ್ ಮೀಟರು ಒಂದೇ ಅಂಕಿ ತೋರಿಸುತ್ತಿದ್ದರೂ ಒಳಗಿನ ದುಡಿತ ನಾಲ್ಕು ಪಟ್ಟಿಗೂ ಹೆಚ್ಚು. ಹಾಗಾಗಿ ‘ಕೇವಲ 40 ಸಾವಿರ ಓಡಿದೆ’ ಎಂಬ ಮಾತು ಪ್ಲಗ್-ಇನ್ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಹಿಂದಿನ ಮಾಲೀಕರು ದಿನಕ್ಕೆರಡು ಬಾರಿ ಚಾರ್ಜ್ ಮಾಡಿದ್ದರೇ, ಅಥವಾ ಚಾರ್ಜರನ್ನು ಡಿಕ್ಕಿಯಿಂದ ಹೊರಗೇ ತೆಗೆದಿರಲಿಲ್ಲವೇ? ಎರಡನೆಯದು ನಮ್ಮಲ್ಲಿ ಬಹಳ ಸಾಮಾನ್ಯ. ಸುತ್ತು ಕಟ್ಟಿದ ದಾರವೂ ಬಿಚ್ಚದ ಚಾರ್ಜಿಂಗ್ ಕೇಬಲ್ ಇರುವ ಐದು ವರ್ಷದ ಕಾರುಗಳನ್ನು ನಾನೇ ನೋಡಿದ್ದೇನೆ.

ಆದರೆ ಓಡದ ಬ್ಯಾಟರಿಯೂ ಮುಪ್ಪಾಗುತ್ತದೆ. ಲಿಥಿಯಂ ಸೆಲ್ಲಿನೊಳಗೆ ಗ್ರಾಫೈಟ್ ಮೇಲೆ ತೆಳುವಾದ ಒಂದು ಪೊರೆ ಮೊದಲ ದಿನದಿಂದಲೇ ಕಟ್ಟುತ್ತದೆ. ಕಾಲ ಕಳೆದಂತೆ ದಪ್ಪವಾಗಿ ಒಂದಿಷ್ಟು ಲಿಥಿಯಂ ಅನ್ನು ನುಂಗಿಹಾಕುತ್ತದೆ. ಬಿಸಿ ಹೆಚ್ಚಿದಷ್ಟೂ ಇದು ಬೇಗ. ಹತ್ತು ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿ ಎಂಬುದು ನಮ್ಮ ಕಸುಬಿನ ಸ್ಥೂಲ ಲೆಕ್ಕ. ಪೂರ್ತಿ ತುಂಬಿಸಿ ಬಿಸಿಲಲ್ಲಿ ನಿಲ್ಲಿಸುವುದು ಅದಕ್ಕೆ ಕೊಡುವ ದೊಡ್ಡ ಶಿಕ್ಷೆ. ಈ ಒಂದು ವಿಷಯದಲ್ಲಿ ನಿಮ್ಮೂರು ಪುಣ್ಯವಂತ. ಕಲಬುರಗಿಯ ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ನಿಂತ ಕಾರಿಗೂ ಮಲೆನಾಡಿನ ನೆರಳಲ್ಲಿ ನಿಂತ ಕಾರಿಗೂ ಬ್ಯಾಟರಿಯ ವಯಸ್ಸು ಒಂದೇ ಆಗಿರುವುದಿಲ್ಲ. ಕೊಳ್ಳುವ ಕಾರು ಇಷ್ಟು ವರ್ಷ ಯಾವ ಊರಿನಲ್ಲಿತ್ತು ಎಂದು ಕೇಳುವುದು ಅದಕ್ಕೇ.

ನಿಮ್ಮ ಬಳಕೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಕಾರು ಶೆಡ್ಡಿನಲ್ಲೇ ನಿಲ್ಲುತ್ತದೆ ಎಂಬ ಮಾತು. ದೊಡ್ಡ ಬ್ಯಾಟರಿಗೆ ಅದರಿಂದ ಭಯವಿಲ್ಲ; ಅರ್ಧ ತುಂಬಿಸಿ ನಿಲ್ಲಿಸಿದರೆ ತಿಂಗಳು ಕಳೆದರೂ ಹೆಚ್ಚು ಇಳಿಯದು. ಬೀಳುವುದು ಅದರ ಪಕ್ಕದ ಬಡಪಾಯಿ, ಸಾಮಾನ್ಯ 12 ವೋಲ್ಟ್ ಬ್ಯಾಟರಿ. ಕಾರು ಆಫ್ ಮಾಡಿದ ಕೂಡಲೇ ಕಾಂಟ್ಯಾಕ್ಟರ್ ಎಂಬ ದಪ್ಪ ರಿಲೇಗಳು ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುತ್ತವೆ. ಅವನ್ನು ಮತ್ತೆ ಕೂಡಿಸಲು 12 ವೋಲ್ಟ್ ಬೇಕು. ಇತ್ತ ಐಷಾರಾಮಿ ಕಾರು ನಿಂತಲ್ಲೇ ಸುಮ್ಮನಿರುವ ಪ್ರಾಣಿಯಲ್ಲ. ಕಳ್ಳರ ಅಲಾರಂ, ಮೊಬೈಲ್ ಆಪ್‌ನ ಸಂಪರ್ಕ, ಕೀಲಿಗಾಗಿ ಕಾಯುವ ಆಂಟೆನಾ, ಎಲ್ಲವೂ ಆ ಪುಟ್ಟ ಬ್ಯಾಟರಿಯನ್ನು ಹನಿಹನಿಯಾಗಿ ಹೀರುತ್ತವೆ. ಮೂರು ವಾರ ಬಿಟ್ಟು ಬಂದು ಬಟನ್ ಒತ್ತಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ, ಆದರೆ ಕಾರು ಏಳುವುದಿಲ್ಲ.

ಒಮ್ಮೆ ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿದ್ದರು. ವರ್ಕ್‌ಶಾಪಿನವರು ‘ಹೈಬ್ರಿಡ್ ಬ್ಯಾಟರಿ ಹೋಗಿದೆ’ ಎಂದು ಒಂದು ಸಣ್ಣ ಕಾರಿನ ಬೆಲೆಯ ಅಂದಾಜುಪಟ್ಟಿ ಕೊಟ್ಟಿದ್ದರಂತೆ. ಬೇರೊಂದು 12 ವೋಲ್ಟ್ ಬ್ಯಾಟರಿ ಜೋಡಿಸಿ, ತಪ್ಪು ಸಂಕೇತಗಳನ್ನು ಅಳಿಸಿ ನೋಡಿ ಎಂದೆ. ಕಾರು ಎದ್ದಿತು. 12 ವೋಲ್ಟ್ ಕುಸಿದಾಗ ಕಂಪ್ಯೂಟರುಗಳು ಒಂದರ ಮಾತು ಒಂದಕ್ಕೆ ಕೇಳದೆ ಇಪ್ಪತ್ತು ಸುಳ್ಳು ದೂರು ಬರೆದಿಡುತ್ತವೆ. ಅವನ್ನು ಅಕ್ಷರಶಃ ಓದಿದ ಮೆಕ್ಯಾನಿಕ್‌ಗೆ ಬ್ಯಾಟರಿಯೇ ಸತ್ತಂತೆ ಕಾಣುತ್ತದೆ. ನೀವು ಯಾವ ಹೈಬ್ರಿಡ್ ಕೊಂಡರೂ ಶೆಡ್ಡಿನಲ್ಲಿ ಒಂದು ಸಣ್ಣ 12 ವೋಲ್ಟ್ ಚಾರ್ಜರ್ ಇಟ್ಟುಕೊಳ್ಳಿ. ಕಾರು ಹತ್ತು ದಿನಕ್ಕಿಂತ ಹೆಚ್ಚು ನಿಲ್ಲುವಾಗ ಅದನ್ನು ಸಿಕ್ಕಿಸಿ ಹೋಗಿ.

ಭಾವನವರ ಕಾರಿಗೂ ಒಂದು ಕಿವಿಮಾತು. ಅಂಥ ಹೈಬ್ರಿಡ್‌ಗಳಲ್ಲಿ ಬಹಳಷ್ಟು ತಮ್ಮ ಬ್ಯಾಟರಿಯನ್ನು ತಂಪು ಮಾಡುವುದು ಕಾರಿನೊಳಗಿನ ಗಾಳಿಯಿಂದ. ಆ ಗಾಳಿ ಹೋಗುವ ಜಾಲರಿ ಹಿಂದಿನ ಸೀಟಿನ ಪಕ್ಕದಲ್ಲೋ ಕೆಳಗೋ ಇರುತ್ತದೆ. ಅದರ ಮೇಲೆ ಕಂಬಳಿ, ಚೀಲ ಹಾಕಿದರೆ, ನಾಯಿಯ ರೋಮ ಕಟ್ಟಿಕೊಂಡರೆ ಬ್ಯಾಟರಿ ಉಸಿರುಗಟ್ಟಿ ಕಾಯುತ್ತದೆ. ವರ್ಷಕ್ಕೊಮ್ಮೆ ಆ ಜಾಲರಿಯ ಫಿಲ್ಟರ್ ತೆಗೆದು ಸ್ವಚ್ಛ ಮಾಡಿಸಬೇಕು. ಪ್ಲಗ್-ಇನ್‌ಗಳಲ್ಲಿ ಸಾಮಾನ್ಯವಾಗಿ ಕೂಲೆಂಟ್ ಅಥವಾ ಎ.ಸಿ.ಯ ಅನಿಲದಿಂದಲೇ ತಂಪು ಮಾಡುತ್ತಾರೆ, ಅಲ್ಲಿ ಈ ಕಷ್ಟವಿಲ್ಲ.

ಚಾರ್ಜ್ ಮಾಡುವುದು ತೋಟದಲ್ಲಿ ಸಾಧ್ಯವೇ? ಸಾಧ್ಯ. ಪ್ಲಗ್-ಇನ್‌ಗೆ ದೊಡ್ಡ ಚಾರ್ಜರೇನೂ ಬೇಕಿಲ್ಲ. ಗೀಸರಿಗೆ ಹಾಕುವಂಥ 15 ಆಂಪಿಯರ್ ಸಾಕೆಟ್‌ನಿಂದ 10 ಆಂಪಿಯರ್ ಎಳೆದರೂ ಗಂಟೆಗೆ 2.3 ಯೂನಿಟ್ ಬರುತ್ತದೆ. ನೀವು ನೋಡಿರುವ ಕಾರು ಐದಾರು ಗಂಟೆಯಲ್ಲಿ ತುಂಬುತ್ತದೆ. ತೊಡಕಿರುವುದು ಅರ್ಥಿಂಗ್‌ನಲ್ಲಿ. ಕಾರಿನ ಚಾರ್ಜರ್ ಅರ್ಥ್ ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಕೂತುಬಿಡುತ್ತದೆ. ಕೆಲವರು ಅದಕ್ಕೆ ಮೋಸ ಮಾಡಲು ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಜೋಡಿಸುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಮಾಡಿಸಬೇಡಿ. ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದರೆ ಕಾರಿನ ಮೈಯೆಲ್ಲ ಕರೆಂಟು. ಹೊಸ ಅರ್ಥ್ ಗುಂಡಿ ತೋಡಿಸಿ, ಆ ಸಾಕೆಟ್ಟಿಗೆ ಮೀಟರ್ ಪೆಟ್ಟಿಗೆಯಿಂದ ಬೇರೆಯೇ ತಂತಿ ಎಳೆಸಿ.

ಆದರೆ ಚಾರ್ಜ್ ಮಾಡಿ ನಿಮಗೆ ಸಿಗುವುದೇನು? ಬೆಂಗಳೂರಿಗೆ ಸುಮಾರು 220 ಕಿಲೋಮೀಟರ್. ಮೊದಲ 30 ವಿದ್ಯುತ್ತಿನಲ್ಲಿ. ಉಳಿದ 190 ಪೆಟ್ರೋಲಿನಲ್ಲಿ, ಖಾಲಿಯಾದ ಬ್ಯಾಟರಿ ಮತ್ತು ಮೋಟಾರಿನ ತೂಕ ಹೊತ್ತುಕೊಂಡು. ಖಾಲಿ ಎಂದರೂ ತಳದಲ್ಲಿ ಸ್ವಲ್ಪ ಉಳಿಸಿಕೊಂಡು ಅದು ಭಾವನವರ ಕಾರಿನಂತೆಯೇ ನಡೆಯುತ್ತದೆ, ಅಷ್ಟೇ. ಕೆಲವು ಕಾರುಗಳಲ್ಲಿ ಹೆದ್ದಾರಿಯಲ್ಲಿ ಎಂಜಿನ್ನಿನಿಂದಲೇ ಬ್ಯಾಟರಿ ತುಂಬಿಸುವ ಬಟನ್ ಇರುತ್ತದೆ. ಪೆಟ್ರೋಲ್ ಸುಟ್ಟು ವಿದ್ಯುತ್ ಮಾಡಿ, ಅದನ್ನು ರಸಾಯನವಾಗಿಸಿ, ಮತ್ತೆ ವಿದ್ಯುತ್ ಮಾಡಿ ಗಾಲಿ ತಿರುಗಿಸುವುದು. ಪ್ರತಿ ಹೆಜ್ಜೆಯಲ್ಲೂ ಸೋರಿಕೆ. ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. 2021ರಲ್ಲಿ ನೋಂದಣಿಯಾದ ಕಾರುಗಳ ಒಳಗಿನ ಮಾಪಕಗಳನ್ನೇ ಓದಿ ನೋಡಿದಾಗ, ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಉಗುಳಿದ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಹೆಚ್ಚಿತ್ತು. ಕಾರುಗಳು ಕೆಟ್ಟವೆಂದಲ್ಲ. ಜನ ಅವುಗಳನ್ನು ಊಹಿಸಿದಷ್ಟು ಚಾರ್ಜ್ ಮಾಡಲಿಲ್ಲ, ಊಹಿಸಿದ್ದಕ್ಕಿಂತ ದೂರ ಓಡಿಸಿದರು. ದಿನಾ 25 ಕಿಲೋಮೀಟರ್ ಕಚೇರಿಗೆ ಹೋಗಿಬರುವ, ಮನೆಯಲ್ಲಿ ಪಾರ್ಕಿಂಗ್ ಇರುವ ಬೆಂಗಳೂರಿಗರೊಬ್ಬರು ಇದೇ ಪ್ರಶ್ನೆ ಕೇಳಿದ್ದರೆ ಪ್ಲಗ್-ಇನ್ ತೆಗೆದುಕೊಳ್ಳಿ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ನಿಮ್ಮ ಸಣ್ಣ ಓಡಾಟವನ್ನೆಲ್ಲ ಜೀಪು ಮಾಡುತ್ತಿದೆ.

ಬೆಂಕಿಯ ಭಯವನ್ನು ನೀವು ಕೇಳಲಿಲ್ಲ, ಆದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ. 2020ರಲ್ಲಿ ಬಿಎಂಡಬ್ಲ್ಯು ತನ್ನ ಹಲವು ಪ್ಲಗ್-ಇನ್ ಮಾದರಿಗಳ 26 ಸಾವಿರಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಯಿತು. ಸೆಲ್ ತಯಾರಿಸುವಾಗ ಸೂಕ್ಷ್ಮ ಕಸ ಒಳಗೆ ಸೇರಿರಬಹುದು, ಸರಿಪಡಿಸುವವರೆಗೆ ಚಾರ್ಜ್ ಮಾಡಬೇಡಿ ಎಂದಿತು. ಅದೇ ವರ್ಷ ಯುರೋಪಿನಲ್ಲಿ ಫೋರ್ಡ್ ಕುಗಾ ಪ್ಲಗ್-ಇನ್‌ಗೂ ಇಂಥದೇ ಗತಿಯಾಯಿತು. ಹಳೆಯ ಕಾರು ಕೊಳ್ಳುವಾಗ ಚಾಸಿ ಸಂಖ್ಯೆ ಕೊಟ್ಟು, ಬಾಕಿ ಉಳಿದ ರೀಕಾಲ್ ಇದೆಯೇ ಎಂದು ಕಂಪನಿಯ ಅಧಿಕೃತ ಸೇವಾ ಕೇಂದ್ರದಿಂದ ಬರಹದಲ್ಲಿ ಪಡೆಯಿರಿ. ನೀರಿನ ಭಯ ಅಷ್ಟು ಬೇಡ. ಬ್ಯಾಟರಿ ಪೆಟ್ಟಿಗೆಗಳು ಮುಚ್ಚಳ ಬಿಗಿದು ಜಲನಿರೋಧಕವಾಗಿರುತ್ತವೆ, ಜೊತೆಗೆ ಕಾರು ತನ್ನ ಹೆಚ್ಚು ವೋಲ್ಟೇಜಿನ ತಂತಿಗಳಿಂದ ಮೈಗೆ ವಿದ್ಯುತ್ ಸೋರುತ್ತಿದೆಯೇ ಎಂದು ಸದಾ ಅಳೆಯುತ್ತಿರುತ್ತದೆ.

ಇಷ್ಟಾದ ಮೇಲೂ ಆ 2019ರ ಕಾರಿನ ಮೇಲೇ ಮನಸ್ಸಿದ್ದರೆ, ಕೊಳ್ಳುವ ಮೊದಲು ಒಂದು ದಿನ ಅದನ್ನು ಕೇಳಿ ಪಡೆಯಿರಿ. ವಿದ್ಯುತ್ ಓಟ ಮುಗಿದು ಎಂಜಿನ್ ಏಳುವವರೆಗೆ ಓಡಿಸಿ. ಆಮೇಲೆ ಸಾಕೆಟ್ ಮತ್ತು ಚಾರ್ಜರ್ ನಡುವೆ ಒಂದು ಸಣ್ಣ ಯೂನಿಟ್ ಮೀಟರ್ ಸಿಕ್ಕಿಸಿ ಪೂರ್ತಿ ತುಂಬಿಸಿ. ಬಳಕೆಯ ಸಾಮರ್ಥ್ಯ 9 ಯೂನಿಟ್ ಎಂದಿದ್ದರೆ, ಚಾರ್ಜಿಂಗ್ ಸೋರಿಕೆ ಸೇರಿ ಮೀಟರು ಹತ್ತರ ಮೇಲೆ ತೋರಿಸಬೇಕು. ಎಂಟರ ಒಳಗೆ ನಿಂತರೆ ಕೆರೆಯಲ್ಲಿ ಹೂಳು ತುಂಬಿದೆ ಎಂದರ್ಥ. ಡ್ಯಾಶ್‌ಬೋರ್ಡ್ ತೋರಿಸುವ ‘ಇನ್ನು ಇಷ್ಟು ಕಿಲೋಮೀಟರ್’ ಎಂಬ ಅಂಕಿಯನ್ನು ನೋಡಲೇಬೇಡಿ; ಅದು ಹಿಂದಿನ ಚಾಲಕರ ಬಲಗಾಲಿನ ಚರಿತ್ರೆ. ಈ ಪರೀಕ್ಷೆಯೂ ಪೂರ್ಣವಲ್ಲ, ಏಕೆಂದರೆ ಮೀಸಲಿಟ್ಟ ಜಾಗವನ್ನು ಮೆಲ್ಲಗೆ ಬಿಟ್ಟುಕೊಟ್ಟು ಮುಪ್ಪನ್ನು ಮರೆಮಾಚುವ ಕಾರುಗಳಿವೆ. ಅದಕ್ಕೇ ಸೇವಾ ಕೇಂದ್ರದಲ್ಲಿ ಬ್ಯಾಟರಿಯ ಆರೋಗ್ಯದ ವರದಿ ಕೇಳಿ, ಅದರಲ್ಲಿ ಒಟ್ಟು ಶೇಕಡಾವಾರಿಗಿಂತ ಸೆಲ್‌ಗಳ ನಡುವಿನ ವೋಲ್ಟೇಜ್ ಅಂತರವನ್ನು ನೋಡಿ. ಎಲ್ಲ ಸೆಲ್‌ಗಳೂ ಒಟ್ಟಿಗೆ ಸವೆದಿದ್ದರೆ ಕಾರು ಇನ್ನೂ ಬಹಳ ದಿನ ನಡೆಯುತ್ತದೆ. ಒಂದು ಸೆಲ್ ಮಾತ್ರ ಹಿಂದೆ ಬಿದ್ದಿದ್ದರೆ ಇಡೀ ಸಾಲು ಅದರ ನಡಿಗೆಗೇ ನಡೆಯಬೇಕು.

ವಾರಂಟಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ಎಂಬುದು ಇಂದು ಸಾಮಾನ್ಯ ವಾಡಿಕೆ; ಟೊಯೋಟಾ ನಮ್ಮಲ್ಲಿ ತನ್ನ ಹೈಬ್ರಿಡ್‌ಗಳಿಗೆ ಕೊಡುವುದೂ ಅಷ್ಟೇ. ನಿಮಗೆ ಸಿಗುತ್ತಿರುವ ಕಾರಿಗೆ ಅಷ್ಟೇ ಇದ್ದರೂ 2027ಕ್ಕೆ ಮುಗಿಯುತ್ತದೆ. ಕಾರಿನಷ್ಟೇ ಕಾಲ ಬಾಳುತ್ತದೆ ಎಂದ ಮಾರಾಟಗಾರರಿಗೆ, ಹಾಗಾದರೆ ಅದನ್ನು ಕಾಗದದಲ್ಲಿ ಬರೆದುಕೊಡಿ ಎಂದು ಕೇಳಿ ನೋಡಿ. ಹೊಸ ಬ್ಯಾಟರಿಯ ಬೆಲೆಯನ್ನೂ, ಒಂದೇ ಮಾಡ್ಯೂಲ್ (ಸೆಲ್‌ಗಳ ಒಂದು ಕಟ್ಟು) ಬದಲಿಸಿಕೊಡುತ್ತಾರೆಯೇ ಎಂಬುದನ್ನೂ ಈಗಲೇ ವಿಚಾರಿಸಿ.

ನನ್ನನ್ನು ಕೇಳಿದರೆ, ನಿಮಗೆ ಭಾವನವರ ಬಗೆಯ ಕಾರೇ ಸರಿ. ಹೊಸ ಪ್ಲಗ್-ಇನ್ ಕೊಳ್ಳುವ ಯೋಚನೆ ಬಂದರೆ ತೆರಿಗೆಯನ್ನೂ ನೆನಪಿಡಿ: 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಜಿಎಸ್‌ಟಿ ಶೇ 40, ಎಲೆಕ್ಟ್ರಿಕ್‌ಗೆ ಶೇ 5. ಮೂವತ್ತು ಯೂನಿಟ್ ಬ್ಯಾಟರಿ ಹೊತ್ತಿದ್ದರೂ ಪ್ಲಗ್-ಇನ್ ಹೈಬ್ರಿಡ್ ಶೇ 40ರ ಸಾಲಿನಲ್ಲೇ ನಿಲ್ಲುತ್ತದೆ.

ಕೊನೆಗೆ, ತಯಾರಕರ ಕೈಪಿಡಿಯಲ್ಲಿ ಒತ್ತಿ ಹೇಳದ ಒಂದು ಶತ್ರುವಿದೆ. ಮಲೆನಾಡಿನ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಕಾರಿನ ಅಡಿಗೆ ಇಲಿ ಬಂದೇ ಬರುತ್ತದೆ. ಮಾಮೂಲಿ ತಂತಿ ಕಡಿದರೆ ಬೆಸೆದುಕೊಳ್ಳಬಹುದು. ಕಿತ್ತಳೆ ಕೇಬಲ್ ಕಡಿದರೆ ಬೆಸೆಯುವಂತಿಲ್ಲ, ಇಡೀ ಕೇಬಲ್ ಬದಲಿಸಬೇಕು. ಅಲ್ಲಿಯವರೆಗೆ ಕಾರು ಸೋರಿಕೆ ಪತ್ತೆಹಚ್ಚಿ ಏಳುವುದಕ್ಕೇ ಒಪ್ಪುವುದಿಲ್ಲ. ವಿಮೆಯಲ್ಲಿ ಇಲಿ ಕಡಿತಕ್ಕೆ ಪರಿಹಾರವಿದೆಯೇ ಎಂದು ಏಜೆಂಟರನ್ನು ಕೇಳಿಕೊಳ್ಳಿ. ಕಾಫಿ ಚೀಲಗಳನ್ನು ಆ ಶೆಡ್ಡಿನಿಂದ ಬೇರೆಡೆಗೆ ಸಾಗಿಸಿ.